ಪ್ರತಿ ಇಂಟರಪ್ಟ್‌ಗೂ ಸ್ಟ್ಯಾಕ್ ಬದಲಾಗುವುದಿಲ್ಲ
ಇಂಟರಪ್ಟ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ಸಿಪಿಯುವನ್ನು ಕರೆಯುವ ಸೂಚನೆ) ಬಂದ ಕೂಡಲೇ ಸಿಪಿಯು ಬೇರೆ ಸ್ಟ್ಯಾಕ್‌ಗೆ (ತಾತ್ಕಾಲಿಕ ಮಾಹಿತಿ ಪೇರಿಸಿಡುವ ಮೆಮೊರಿ ಜಾಗ) ಹೋಗುತ್ತದೆ ಎಂದು ಬರೆದಿದ್ದೀರಲ್ಲ, ಅದು ಅರ್ಧ ಮಾತ್ರ ನಿಜ. ಎಕ್ಸ್86-64ರಲ್ಲಿ (ಇಂಟೆಲ್, ಎಎಂಡಿಗಳ 64-ಬಿಟ್ ಸಿಪಿಯು) ಯೂಸರ್ ಪ್ರೋಗ್ರಾಮ್ ಓಡುತ್ತಿದ್ದರೆ, ಟಿಎಸ್‌ಎಸ್ ಎಂಬ ಕೋಷ್ಟಕದಲ್ಲಿರುವ ಆರ್‌ಎಸ್‌ಪಿ0 ಎಂಬ ಸ್ಟ್ಯಾಕ್ ವಿಳಾಸ ಎತ್ತಿಕೊಂಡು ಬದಲಿಸುತ್ತದೆ, ಸರಿ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೇ ಇದ್ದಾಗ ಇಂಟರಪ್ಟ್ ಬಂದರೆ? ಐಎಸ್‌ಟಿ (ಇಂಥ ಇಂಟರಪ್ಟ್‌ಗೆ ಇಂಥದೇ ಸ್ಟ್ಯಾಕ್ ಎಂದು ಗೊತ್ತು ಮಾಡುವ, ಟಿಎಸ್‌ಎಸ್‌ನಲ್ಲಿರುವ ವಿಳಾಸಗಳ ಪಟ್ಟಿ) ಹಾಕಿರದಿದ್ದರೆ ಬದಲಿಸುವುದೇ ಇಲ್ಲ. ಇದ್ದ ಸ್ಟ್ಯಾಕ್ ಮೇಲೆಯೇ ಎಸ್‌ಎಸ್, ಆರ್‌ಎಸ್‌ಪಿ, ಫ್ಲ್ಯಾಗ್ಸ್, ಸಿಎಸ್, ಆರ್‌ಐಪಿ ಐದು ರಿಜಿಸ್ಟರ್‌ಗಳನ್ನೂ ಪೇರಿಸುತ್ತದೆ; ವಾಪಸ್ ಹೋಗಲು ಬೇಕಾದ ಈ ಕಟ್ಟೇ ಫ್ರೇಮ್. ಕರ್ನಲನ್ನು ರೆಡ್ ಝೋನ್ (ಸ್ಟ್ಯಾಕ್ ತುದಿಯ ಆಚೆ ಫಂಕ್ಷನ್ ಬಳಸಿಕೊಳ್ಳಬಹುದಾದ 128 ಬೈಟ್ ಜಾಗ) ಇಲ್ಲದೆ ಕಂಪೈಲ್ ಮಾಡುವುದು ಇದಕ್ಕೇ. ಆ 128 ಬೈಟ್‌ನಲ್ಲಿ ಫಂಕ್ಷನ್ ಏನಾದರೂ ಇಟ್ಟಿದ್ದರೆ ಅದು ಹೋದಂತೆಯೇ.

ಐಎಸ್‌ಟಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಅಸಲಿ ತಲೆನೋವು ಇರುವುದೇ ಅಲ್ಲಿ, ಅಲ್ವಾ? ಡಬಲ್ ಫಾಲ್ಟ್‌ಗೆ (ಒಂದು ದೋಷ ನಿಭಾಯಿಸಲು ಹೋಗಿ ಇನ್ನೊಂದು ಆಗುವುದು) ಅದು ಬೇಕೇ ಬೇಕು. ಕರ್ನಲ್ ಸ್ಟ್ಯಾಕೇ ತುಂಬಿ ಹೋಗಿದ್ದರೆ ಫ್ರೇಮ್ ಬರೆಯಲು ಜಾಗವೆಲ್ಲಿ? ಡಬಲ್ ಫಾಲ್ಟನ್ನೂ ನಿಭಾಯಿಸಲಾಗದೆ ಟ್ರಿಪಲ್ ಫಾಲ್ಟ್ ಆಗಿ ಮಷಿನ್ ರೀಸೆಟ್. ಹಾಗಂತ ಸುಮ್ನೆ ಎಲ್ಲದಕ್ಕೂ ಐಎಸ್‌ಟಿ ಹಾಕುವ ಹಾಗಿಲ್ಲ. ಇರುವುದು 7 ಜಾಗ, ಅದಿರಲಿ. ಸಿಪಿಯು ಪ್ರತಿ ಸಲ ಅದೇ ವಿಳಾಸದಿಂದ ಶುರು ಮಾಡುತ್ತದೆ, ಅಲ್ಲಿ ಈಗಾಗಲೇ ಯಾರಿದ್ದಾರೆ ಎಂದು ನೋಡುವುದಿಲ್ಲ. ಎನ್‌ಎಂಐ (ಸಾಮಾನ್ಯವಾಗಿ ತಡೆಹಿಡಿಯಲಾಗದ ಇಂಟರಪ್ಟ್; ಒಂದು ನಡೆಯುತ್ತಿರುವಾಗ ಮಾತ್ರ ಸಿಪಿಯು ಮುಂದಿನದನ್ನು ತಡೆದಿರುತ್ತದೆ) ಹ್ಯಾಂಡ್ಲರ್ ಒಳಗೆ ಪೇಜ್ ಫಾಲ್ಟ್ (ಬೇಕಾದ ಮೆಮೊರಿ ಪುಟ ಸಿಗದ ದೋಷ) ಆಗಿ, ಅದರಿಂದ ಮರಳಲು ಐರೆಟ್ ಎಂಬ ಆದೇಶ ಓಡಿತು ಅಂದುಕೊಳ್ಳಿ. ಎನ್‌ಎಂಐಗೆ ಇದ್ದ ತಡೆ ತೆರವಾಗುತ್ತದೆ. ಎರಡನೇ ಎನ್‌ಎಂಐ ಬಂದು ಮೊದಲನೆಯದರ ಫ್ರೇಮಿನ ಮೇಲೆಯೇ ಬರೆಯುತ್ತದೆ. ವಾಪಸ್ ಹೋಗಲು ವಿಳಾಸವೇ ಉಳಿಯುವುದಿಲ್ಲ. ಲಿನಕ್ಸ್‌ನ ಎನ್‌ಎಂಐ ಎಂಟ್ರಿ ಕೋಡ್ ಅಷ್ಟು ಉದ್ದ ಇರುವುದಕ್ಕೆ ಇದೇ ಮುಖ್ಯ ಕಾರಣ. ಅಲ್ಲಿನ ಕಾಮೆಂಟ್‌ಗಳನ್ನು ಓದಿ, ಕೋಡ್‌ಗಿಂತ ಜಾಸ್ತಿ ಅವೇ ಇವೆ!

ಟೈಮರ್, ಡಿಸ್ಕ್‌ನಂಥ ಮಾಮೂಲಿ ಇಂಟರಪ್ಟ್‌ಗೆ ಲಿನಕ್ಸ್ ಐಎಸ್‌ಟಿ ಮುಟ್ಟುವುದಿಲ್ಲ. ಪ್ರತಿ ಸಿಪಿಯುಗೂ ಒಂದು ಐಆರ್‌ಕ್ಯೂ ಸ್ಟ್ಯಾಕ್ (ಇಂಟರಪ್ಟ್‌ಗೆಂದೇ ಇರುವ ಸ್ಟ್ಯಾಕ್) ಇಟ್ಟು, ಈಗಾಗಲೇ ಅದರ ಮೇಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಹೋಗುತ್ತದೆ.