ಆರಿಸಿಕೊಳ್ಳದೆ ದೊರೆತ ಬಳಗ

ಚರ್ಚಿನ ಪೂಜೆಯನ್ನು ಮೊಬೈಲಿನಲ್ಲೇ ನೋಡಬಹುದಲ್ಲ? ಪ್ರಬೋಧನೆ ಚೆನ್ನಾಗಿರುವ ಕಡೆ ಹೋದರಾಯಿತಲ್ಲ? ಒಂದೇ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಹೆಸರು ಬರೆಸಿ, ಅಲ್ಲಿನ ಸಭೆ, ಸಮಿತಿ, ಮನಸ್ತಾಪಗಳನ್ನೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು? ನಮ್ಮ ಕಥೋಲಿಕರ ನಡುವೆ ಈ ಮಾತು ಈಚೆಗೆ ತುಂಬ ಕಿವಿಗೆ ಬೀಳುತ್ತಿದೆ. ಹೇಳುವವರು ವಿಶ್ವಾಸ ಬಿಟ್ಟವರಲ್ಲ. ಜಪಸರದ (ರೋಸರಿ) ಪ್ರಾರ್ಥನೆ ತಪ್ಪಿಸದವರು, ದಿನದ ವಾಚನಗಳನ್ನು ಬೆಳಿಗ್ಗೆಯೇ ಓದಿಕೊಳ್ಳುವವರು. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೂ ಅವರು ಕಳೆದುಕೊಳ್ಳುತ್ತಿರುವುದು ಸಣ್ಣದಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಧರ್ಮಕೇಂದ್ರ ಎಂದರೆ ಕಟ್ಟಡವಲ್ಲ, ವಿಶ್ವಾಸಿಗಳ ಸಮುದಾಯ. ಆ ಸಮುದಾಯದ ಪಾಲನೆಯನ್ನು ಧರ್ಮಾಧ್ಯಕ್ಷರು (ಬಿಷಪ್) ಒಬ್ಬ ಗುರುವಿಗೆ ಒಪ್ಪಿಸಿರುತ್ತಾರೆ. ಭಾಷೆಗೋ ಪೂಜಾಪದ್ಧತಿಗೋ ಅನುಗುಣವಾಗಿ ರೂಪಿಸಿದ ಧರ್ಮಕೇಂದ್ರಗಳೂ ಉಂಟು. ಆದರೆ ಸಾಮಾನ್ಯ ನಿಯಮ ಗಡಿಯದು: ಇಷ್ಟು ಪ್ರದೇಶದೊಳಗೆ ವಾಸಿಸುವ ಕಥೋಲಿಕರೆಲ್ಲರೂ ಈ ಧರ್ಮಕೇಂದ್ರದವರು. ನನ್ನ ವಿದ್ಯೆ, ಸಂಬಳ, ಸ್ವಭಾವ ಯಾವುದನ್ನೂ ಯಾರೂ ಕೇಳುವುದಿಲ್ಲ. ಆ ಗಡಿಯೊಳಗೆ ಮನೆ ಮಾಡಿದ್ದೇನೆ, ಅಷ್ಟು ಸಾಕು.

ಧರ್ಮಕೇಂದ್ರದ ದೊಡ್ಡ ಬೆಲೆ ಇರುವುದು ಇಲ್ಲೇ. ಇವತ್ತು ನಮ್ಮ ಸಂಬಂಧಗಳೆಲ್ಲ ನಾವೇ ಆರಿಸಿಕೊಂಡವು. ಗೆಳೆಯರನ್ನು ಆರಿಸುತ್ತೇವೆ, ವಾಟ್ಸಾಪ್ ಗುಂಪನ್ನು ಆರಿಸುತ್ತೇವೆ, ಯಾರ ಮಾತು ಕೇಳಬೇಕು, ಯಾರದು ಬೇಡ ಅನ್ನುವುದನ್ನೂ ಬೆರಳ ತುದಿಯಲ್ಲೇ ತೀರ್ಮಾನಿಸುತ್ತೇವೆ. ಹೀಗಾಗಿ ನಮ್ಮಂತೆಯೇ ಓದಿದವರು, ನಮ್ಮಂತೆಯೇ ಯೋಚಿಸುವವರು ಮಾತ್ರ ಸುತ್ತ ಉಳಿಯುತ್ತಾರೆ. ಭಾನುವಾರದ ಬೆಂಚಿನ ಮೇಲೆ ಮಾತ್ರ ಹಾಗಾಗುವುದಿಲ್ಲ. ಒಂದು ಪಕ್ಕದಲ್ಲಿ ನನಗೆ ಸರಿಬೀಳದ ರಾಜಕೀಯದವರು, ಇನ್ನೊಂದು ಪಕ್ಕದಲ್ಲಿ ಪೂಜೆಯುದ್ದಕ್ಕೂ ಕೂಗುವ ಮಗುವನ್ನು ಸಂಭಾಳಿಸುತ್ತಿರುವ ತಾಯಿ, ಮುಂದೆ ಕಿವಿ ಸರಿಯಾಗಿ ಕೇಳದ ಅಜ್ಜ. ಇವರಲ್ಲಿ ಯಾರನ್ನೂ ನಾನು ಹುಡುಕಿಕೊಂಡು ಹೋಗಿರಲಿಲ್ಲ. ಆದರೆ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ನಾನು ತಿರುಗಬೇಕಾದ್ದು ಇವರ ಕಡೆಗೇ. ಆಮೇಲೆ ಒಂದೇ ಪೀಠದಿಂದ ಒಂದೇ ಪರಮಪ್ರಸಾದವನ್ನು, ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿಯನ್ನು, ಪಡೆಯುತ್ತೇವೆ. ಪರರನ್ನು ಪ್ರೀತಿಸು ಅನ್ನುವ ಆಜ್ಞೆ ಇಷ್ಟವಾದವರನ್ನು ಪ್ರೀತಿಸುವುದಕ್ಕೆ ಬೇಕಾಗಿಯೇ ಇರಲಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಧರ್ಮಕೇಂದ್ರದ ಗುರುಗಳು ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ತಮಗೆ ಒಪ್ಪಿಸಲಾದ ಜನರಿಗಾಗಿ ಒಂದು ಬಲಿಪೂಜೆ (ಮಾಸ್) ಅರ್ಪಿಸಲೇಬೇಕು. ಅದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಸಂಹಿತೆಯ 534ನೇ ವಿಧಿ. ಆ ಪೂಜೆಗೆ ಯಾರೂ ಕಾಣಿಕೆ ಕೊಟ್ಟು ಹೆಸರು ಬರೆಸಬೇಕಾಗಿಲ್ಲ. ಚರ್ಚಿಗೆ ಬಂದವರೂ, ಬಾರದವರೂ, ಬರುವುದನ್ನೇ ಬಿಟ್ಟವರೂ ಅದರಲ್ಲಿ ಸೇರಿದ್ದಾರೆ. ಈ ವಾರ ನಾನು ಪ್ರಾರ್ಥಿಸಿದೆನೋ ಇಲ್ಲವೋ, ನನಗಾಗಿ ಪ್ರಾರ್ಥಿಸಿದ್ದಾರೆ. ಇದು ತಿಳಿದಾಗಿನಿಂದ ನಮ್ಮ ಗುರುಗಳನ್ನು ನಾನು ನೋಡುವ ರೀತಿಯೇ ಬೇರೆಯಾಯಿತು.

ದಫ್ತರುಗಳ ಬಗ್ಗೆಯೂ ಹೇಳಬೇಕು. ಧರ್ಮಕೇಂದ್ರಗಳು ಮದುವೆ ಮತ್ತು ಜ್ಞಾನಸ್ನಾನದ (ಬ್ಯಾಪ್ಟಿಸಂ) ವಿವರ ಬರೆದಿಡಬೇಕೆಂದು ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆ 1563ರಲ್ಲಿ ಎಲ್ಲೆಡೆಗೂ ನಿಯಮ ಮಾಡಿತು. ಇಂದಿಗೂ ಜ್ಞಾನಸ್ನಾನ, ಮದುವೆ, ಮರಣ ಮೂರಕ್ಕೂ ದಫ್ತರು ಇಡಬೇಕು. ಜ್ಞಾನಸ್ನಾನದ ಪುಟದಲ್ಲಿ ನಿಮ್ಮ ಹೆಸರಿನ ಪಕ್ಕ ಒಂದಿಷ್ಟು ಜಾಗ ಇರುತ್ತದೆ. ದೃಢೀಕರಣ ಎಂಬ ಸಂಸ್ಕಾರವಾದರೆ ಅಲ್ಲಿ ಸೇರಿಸುತ್ತಾರೆ. ನೀವು ಪ್ರಪಂಚದ ಇನ್ನೊಂದು ತುದಿಯಲ್ಲಿ ಮದುವೆಯಾದರೂ ಆ ಸುದ್ದಿಯನ್ನು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಿ, ಅದೇ ಹೆಸರಿನ ಮಗ್ಗುಲಲ್ಲಿ ಬರೆಸಬೇಕು. ಗುರುದೀಕ್ಷೆಯಾದರೂ ಹಾಗೆಯೇ. ಎಲ್ಲಿಯೇ ಹೋಗಲಿ, ನಮ್ಮ ಬದುಕಿನ ಲೆಕ್ಕ ಇಟ್ಟುಕೊಂಡಿರುವ ಒಂದು ಮನೆ ಉಂಟು ಅನ್ನುವ ಭರವಸೆಯನ್ನು ಯಾವ ಆನ್‌ಲೈನ್ ಪೂಜೆ ಕೊಟ್ಟೀತು?

2020ರ ಸಾಂಕ್ರಾಮಿಕದ ದಿನಗಳಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಪರದೆಯ ಮುಂದೆ ಕೂತು ಪೂಜೆ ನೋಡಿದೆವು. ಆಗ ಅದು ದೊಡ್ಡ ಆಸರೆಯೇ ಆಗಿತ್ತು. ಹಾಸಿಗೆ ಹಿಡಿದವರಿಗೆ ಈಗಲೂ ಆಸರೆಯೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪರದೆಯ ಮೂಲಕ ಪರಮಪ್ರಸಾದ ಕೈಗೆ ಬರುವುದಿಲ್ಲ. ಮುಖ್ಯವಾಗಿ, ಪರದೆಯ ಆಚೆಗಿನವರಿಗೆ ನಾನು ಬಂದಿಲ್ಲವೆಂಬುದು ಗೊತ್ತಾಗುವುದಿಲ್ಲ. ಧರ್ಮಕೇಂದ್ರದಲ್ಲಿ ಗೊತ್ತಾಗುತ್ತದೆ. ಎರಡು ಭಾನುವಾರ ಕಾಣದಿದ್ದರೆ ಯಾರೋ ಒಬ್ಬರು ಮೂರನೆಯ ವಾರ ಕೇಳಿಯೇ ಕೇಳುತ್ತಾರೆ: "ಏನಮ್ಮಾ, ಹುಷಾರಿಲ್ವಾ?" ಕೆಲವರಿಗೆ ಇದು ಕಿರಿಕಿರಿ. ಒಂಟಿಯಾಗಿರುವ ವಯಸ್ಸಾದವರನ್ನು ಕೇಳಿ ನೋಡಿ, ಆ ಪ್ರಶ್ನೆಯ ಬೆಲೆ ಏನೆಂದು ಅವರು ಹೇಳುತ್ತಾರೆ.

ಕಾಯಿಲೆಯವರ ಮನೆಗೆ ಪರಮಪ್ರಸಾದ ಒಯ್ಯುವವರು, ಸಾವಿನ ಮನೆಗೆ ಕರೆಯದೆಯೇ ಬಂದು ಜಪಸರ ಹೇಳುವವರು, ಧರ್ಮೋಪದೇಶ ತರಗತಿಗಾಗಿ ರಜಾದಿನ ಬಿಟ್ಟುಕೊಡುವವರು, ಇವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡ್ರಿಕ್ ಒಝಾನಾಮ್ ಮತ್ತು ಸಂಗಡಿಗರು ಬಡವರ ಮನೆಗಳಿಗೇ ಹೋಗಿ ನೆರವಾಗಲು ಶುರುಮಾಡಿದ ಕೆಲಸ ಸಂತ ವಿನ್ಸೆಂಟ್ ದೆ ಪಾಲ್ ಸಂಘವಾಗಿ ಲೋಕದ ಎಷ್ಟೋ ಧರ್ಮಕೇಂದ್ರಗಳಲ್ಲಿ ಇಂದಿಗೂ ನಡೆಯುತ್ತಿದೆ. ಹಣ ಕಳಿಸಿ ಸುಮ್ಮನಾಗದೆ ಮನೆಗೆ ಹೋಗಿ ಕೂತು ಮಾತಾಡಬೇಕು ಅನ್ನುವುದೇ ಅದರ ಜೀವಾಳ. ಇದನ್ನು ಒಬ್ಬೊಬ್ಬರೇ ಬಹುಕಾಲ ಮಾಡಲಾಗದು, ಜೊತೆ ಬೇಕು.

ಹಾಗಂತ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಹೊಸಬರು ತಿಂಗಳುಗಟ್ಟಲೆ ಬಂದರೂ ಯಾರೂ ಮಾತಾಡಿಸದ ಚರ್ಚುಗಳಿವೆ. ಗಾನವೃಂದದಲ್ಲಿ ಗುಂಪುಗಾರಿಕೆ, ಸಮಿತಿಯಲ್ಲಿ ಅವೇ ನಾಲ್ಕು ಮುಖಗಳು. ಸಿರಿವಂತನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ನಿಲ್ಲಿಸುವವರನ್ನು ಸಂತ ಯಕೋಬರ ಪತ್ರದ ಎರಡನೇ ಅಧ್ಯಾಯ ಖಂಡಿಸುತ್ತದೆ, ಅಂದರೆ ಈ ರೋಗ ಮೊದಲ ಶತಮಾನದ್ದೇ. ಧರ್ಮಸಭೆಯೊಳಗೇ ತೀವ್ರವಾಗಿ ನೊಂದವರೂ ಇದ್ದಾರೆ. ಅಂಥವರಿಗೆ ಬನ್ನಿ ಎಂದು ಹೇಳುವ ಹಕ್ಕು ನನಗಿಲ್ಲ. ಮೊದಲು ಅವರ ಮಾತು ಕೇಳಬೇಕು, ನ್ಯಾಯ ಸಿಗಬೇಕು. ಆದರೆ ಬರೀ ಬೇಸರದಿಂದ ದೂರ ಸರಿದವರಿಗೆ ಒಂದು ಮಾತು ಹೇಳಲೇಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು ಸಂಹಿತೆಯೇ ಹೇಳುತ್ತದೆ, ಅದರಲ್ಲಿ ಗುರುಗಳಿಗೆ ನೆರವಾಗಬೇಕಾದವರು ನಮ್ಮಂಥ ವಿಶ್ವಾಸಿಗಳೇ. ಲೆಕ್ಕ ಸರಿಯಿಲ್ಲ ಅನ್ನಿಸಿದರೆ ಒಳಗಿದ್ದು ಕೇಳೋಣ. ಹೊಸಬರನ್ನು ಮಾತಾಡಿಸುವವರಿಲ್ಲ ಅನ್ನಿಸಿದರೆ ನಾವೇ ಮಾತಾಡಿಸೋಣ. ಧರ್ಮಕೇಂದ್ರ ಕಾಲ ಮುಗಿದ ವ್ಯವಸ್ಥೆಯಲ್ಲ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲೇ ಬರೆದರು. ಆದರೆ ಅದು ಜನರ ಮನೆ, ಬದುಕುಗಳಿಗೆ ಹತ್ತಿರವಾಗಿರಬೇಕು ಎಂಬುದನ್ನೂ ಸೇರಿಸಿದರು. ಹತ್ತಿರ ಮಾಡುವ ಕೆಲಸ ಗುರುಗಳೊಬ್ಬರದೇ ಅಂತ ನಾವು ಯಾಕೆ ಅಂದುಕೊಂಡಿದ್ದೇವೋ ನನಗೆ ತಿಳಿಯದು.

ಹೊಸ ಜಾಗಕ್ಕೆ ಮನೆ ಬದಲಿಸಿದವರು, ಎಷ್ಟೋ ಕಾಲದಿಂದ ಅಲ್ಲಿ ಇಲ್ಲಿ ಪೂಜೆ ನೋಡಿಕೊಂಡು ಬಂದವರು ದಯವಿಟ್ಟು ಈ ಭಾನುವಾರ ಪೂಜೆ ಮುಗಿದ ಕೂಡಲೇ ಹೊರಡಬೇಡಿ. ಗುರುಗಳ ಬಳಿ ಹೋಗಿ, "ಫಾದರ್, ನಾವು ಇಲ್ಲೇ ಇರೋದು, ನಮ್ಮ ಹೆಸರು ಬರ್ಕೊಳ್ಳಿ" ಅನ್ನಿ. ವಾಚನ ಓದಲೋ, ಪೂಜೆಯ ನಂತರ ಬೆಂಚು ಒರೆಸಲೋ ಜನ ಬೇಕಾ ಎಂದು ಕೇಳಿ. ಬೇಕಾಗಿಯೇ ಇರುತ್ತಾರೆ.