ಅಪ್ಪಿಕೊಂಡಿದ್ದು ಇಬ್ರು, ಬ್ಯಾನ್ ಆಗಿದ್ದು ಒಬ್ಳು

ಉತ್ತರ ನೈಜೀರಿಯಾದ ಕಾನೋದಲ್ಲಿ 2 ವರ್ಷ ಕೆಲ್ಸ ಮಾಡಿದೀನಿ. ಸಂಜೆ ಫ್ಯಾಕ್ಟರಿ ಬಿಟ್ಮೇಲೆ ಎದುರುಗಡೆ ಮೈ ಶಾಯಿ ಹತ್ರ ಕೂರೋದು. ಮೈ ಶಾಯಿ ಅಂದ್ರೆ ಟೀ ಅಂಗಡಿಯವ್ನು, ಟೀ ಬ್ರೆಡ್ ಜೊತೆ ಮೊಟ್ಟೆ ಹಾಕಿ ಇಂಡೋಮಿ ನೂಡಲ್ಸೂ ಮಾಡ್ಕೊಡ್ತಾನೆ. ಅಲ್ಲಿ 20-22ರ ಹುಡುಗ್ರು ಐದಾರು ಜನ ಒಂದೇ ಫೋನಿಗೆ ತಲೆ ತೂರಿಸ್ಕೊಂಡು ಅಲ್ಲಿನ ಹೌಸಾ ಭಾಷೆ ಸೀರಿಯಲ್ 'ಲಬಾರಿನಾ' ನೋಡೋರು.

ನಮ್ ಲೈನಲ್ಲಿದ್ದ ಒಬ್ಬ ಹುಡುಗನ ಫೋನ್ ಗ್ಲಾಸ್ ಒಡೆದು ಹೋಗಿತ್ತು, ಅದ್ರೊಳಗೂ ವಾಲ್‌ಪೇಪರ್ ಮಾತ್ರ ಕಾನಿವುಡ್, ಅಂದ್ರೆ ಕಾನೋದ ಹೌಸಾ ಸಿನಿಮಾ ಇಂಡಸ್ಟ್ರಿ, ನಟೀದೇ. ಇವ್ಳನ್ನೇ ಮದ್ವೆ ಆಗ್ತೀಯೇನಪ್ಪಾ ಅಂತ ರೇಗಿಸಿದೆ. ಮುಖ ಸಿಂಡರಿಸ್ಕೊಂಡು "ಓಗಾ, ಅವ್ಳು ಯರ್ ಫಿಮ್" ಅಂದ. ಓಗಾ ಅಂದ್ರೆ ಬಾಸ್, ಯರ್ ಫಿಮ್ ಅಂದ್ರೆ ಸಿನಿಮಾದ ಮಗಳು, ನಟಿ ಅಂತ ಅಷ್ಟೇ, ಆದ್ರೆ ಅವ್ನು ಹೇಳಿದ ಧಾಟೀಲಿ ಅದು ಬೈಗುಳ.

ಇದೇ ಹುಡುಗ್ರು ಹಿಂದಿ ಹೀರೋಯಿನ್‌ಗಳ ಹಾಡು ಅರ್ಥ ಗೊತ್ತಿಲ್ದೆ ಪೂರ್ತಿ ಹಾಡ್ತಾರೆ, ಅವರ ಅಪ್ಪ ತಾತಂದಿರ ಕಾಲದಿಂದ್ಲೂ ಅಲ್ಲಿ ಹಿಂದಿ ಸಿನಿಮಾ ಹುಚ್ಚು ಇದೆ, ಹೌಸಾ ಸಿನಿಮಾದ ಹಾಡು ಕುಣಿತ ಅಲ್ಲಿಂದ್ಲೇ ಬಂದಿದ್ದು. ಹಿಂದಿಯೋಳು ಹೀರೋನ ತಬ್ಕೊಂಡ್ರೆ ಶಿಳ್ಳೆ, ಯಾಕಂದ್ರೆ ಅವ್ಳು ಬೇರೆಯೋರ ಮನೆ ಮಗಳು. ಕಾನೋ ಹುಡುಗಿ ಮಾತ್ರ ಮುಟ್ಟೋ ಹಾಗಿಲ್ಲ. 2000ದಲ್ಲಿ ಷರಿಯಾ ಬಂತು, ಮರುವರ್ಷ ಸೆನ್ಸಾರ್ ಬೋರ್ಡು, ಹೀರೋ ಹೀರೋಯಿನ್ ದೂರ ದೂರ ನಿಂತೇ ಪ್ರೀತಿ ಮಾಡ್ಬೇಕು.

ಕಾನಿವುಡ್ ನಟಿ ರಹಾಮಾ ಸದಾವು ಕತೆ ನೋಡಿ. 2016ರಲ್ಲಿ ಒಂದು ಮ್ಯೂಸಿಕ್ ವಿಡಿಯೋದಲ್ಲಿ ಗಾಯಕನನ್ನ ಅಪ್ಪಿಕೊಂಡ್ಲು ಅಂತ ಇಂಡಸ್ಟ್ರಿ ಸಂಘದೋರೇ ಬ್ಯಾನ್ ಹಾಕಿದ್ರು, 2018ರಲ್ಲಿ ವಾಪಸ್ ತಗೊಂಡ್ರು. 2020ರಲ್ಲಿ ಬೆನ್ನು ಕಾಣೋ ಗೌನ್ ಫೋಟೋ ಹಾಕಿದ್ಲು, ಯಾವನೋ ಅದ್ರ ಕೆಳಗೆ ಧರ್ಮನಿಂದನೆ ಕಾಮೆಂಟ್ ಬರೆದ, ಕ್ಷಮೆ ಕೇಳಿದ್ದು ಇವ್ಳು! ಹಳೇ ತಲೆಮಾರು ಹಂಗೇ ಅಂತ ತಳ್ಳಿಹಾಕೋಣ ಅಂದ್ರೆ ಆ ಫೋಟೋ ಕೆಳಗೆ ಕೂತು ಬೈದೋರೆಲ್ಲ ಅಜ್ಜಂದಿರಾ?

ಹುಡುಗೀರ ಲೆಕ್ಕ ಬೇರೇನೇ ಅನ್ಸುತ್ತೆ ನಂಗೆ. ಆ ವಾಲ್‌ಪೇಪರ್ ಹುಡುಗನ ತಂಗಿ ಸಲ್ಲಾ ಹಬ್ಬಕ್ಕೆ (ಅಲ್ಲಿ ಈದ್‌ಗೆ ಹಂಗಂತಾರೆ) ಟೈಲರ್ ಹತ್ರ ಅದೇ ನಟಿ ಫೋಟೋ ತಗೊಂಡೋಗಿ ತೋಳು ಹಿಂಗೇ ಬರ್ಬೇಕು, ತಲೆಗೆ ಕಟ್ಟೋದೂ ಹಿಂಗೇ ಅಂತ ಹೊಲಿಸ್ಕೊಂಡ್ಳಂತೆ. ಅಣ್ಣ ಫೋಟೋ ತೋರಿಸ್ದ, ಚೆನ್ನಾಗಿತ್ತು. ಹೊಲಿಗೆ ದುಡ್ಡು ಯಾರು ಕೊಟ್ಟಿದ್ದು ಅಂದ್ರೆ ನಾನೇ ಓಗಾ ಅಂತ ನಗ್ತಾನೆ.