ಇದ್ದ ಮನೆ ಸಾಲದಾದಾಗ ಮೇಲೊಂದು ಮಹಡಿ ಎತ್ತಬೇಕೇ?

ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರ, ಧಾರವಾಡದ ಸಪ್ತಾಪುರ, ಮಾಳಮಡ್ಡಿ ಕಡೆ ಇಪ್ಪತ್ತು-ಮೂವತ್ತು ವರ್ಷದ ಹಿಂದೆ ಕಟ್ಟಿದ 30×40ರ ಮನೆಗಳಲ್ಲಿ ಈಗ ಇಕ್ಕಟ್ಟು ಒಂದೇ ಬಗೆಯದು. ಹಿರಿಯರಿಬ್ಬರು, ಮಗ-ಸೊಸೆ, ಬೆಳೆದ ಮಕ್ಕಳಿಬ್ಬರು; ಮಲಗುವ ಕೋಣೆ ಎರಡೇ. ಅದೇ ಓಣಿಯಲ್ಲಿ ದೊಡ್ಡ ಮನೆ ಕೊಳ್ಳುವುದು ಸಂಬಳದವರ ಕೈಗೆ ಎಟುಕುವ ಮಾತಲ್ಲ. ಹಾಗಾಗಿ ಕಣ್ಣು ಮಾಳಿಗೆಯ ಮೇಲೆ ಹೋಗುತ್ತದೆ.

ಪರ: ಪಾಯ ಒಪ್ಪಿದರೆ ಮೇಲೆಯೇ ಕಟ್ಟಿ

ಮೊದಲು ರೊಕ್ಕದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಓಣಿಯ ದರ ಹಾಕಿ ನೋಡಿಕೊಳ್ಳಿ. 1,200 ಚದರಡಿಯ ಸೈಟಿನಲ್ಲಿ ಕೆಳಗೆ 850 ಚದರಡಿ ಮನೆಯಿದ್ದರೆ, ಮೇಲಿನ 700 ಚದರಡಿಯಲ್ಲಿ ಎರಡು ಕೋಣೆ, ಸಣ್ಣ ಪಡಸಾಲೆ, ಒಂದು ಬಚ್ಚಲು-ಸಂಡಾಸ ಕೂಡುತ್ತವೆ. ಚದರಡಿಗೆ 2,000 ರೂಪಾಯಿಯಂತೆ 14 ಲಕ್ಷ. ಹೊರಗಿನ ಪಾವಟಿಗೆ, ನೀರಿನ ಟಾಕಿ, ಪಾಲಿಕೆಯ ಪರವಾನಗಿ, ಎಂಜಿನಿಯರರ ಫೀ ಎಂದು ಇನ್ನೆರಡು ಲಕ್ಷ. ಕೈಯಲ್ಲಿ 6 ಲಕ್ಷ ಇಟ್ಟುಕೊಂಡು 10 ಲಕ್ಷ ಸಾಲ ತೆಗೆದರೆ ಶೇ 8.5ರ ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳ ಕಂತು ಸುಮಾರು 9,850.

ಅದೇ ಮನೆಯನ್ನು 48 ಲಕ್ಷಕ್ಕೆ ಮಾರಿ 75 ಲಕ್ಷದ್ದು ಕೊಂಡರೆ? ಮುದ್ರಾಂಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆದ ನೋಂದಣಿ ಶುಲ್ಕ, ಎಲ್ಲ ಕೂಡಿ ಶೇ 7.6. ಅಂದರೆ 5 ಲಕ್ಷ 70 ಸಾವಿರ ಬರೀ ಕಾಗದಕ್ಕೆ. ಕೈಯಲ್ಲಿದ್ದ 6 ಲಕ್ಷ ಹಾಕಿದರೂ ಇನ್ನೂ 27 ಲಕ್ಷ ಸಾಲ ಬೇಕು. ಕಂತು ತಿಂಗಳಿಗೆ 23,400, ಅದೂ 20 ವರ್ಷ. ಮಕ್ಕಳ ಶಾಲೆ, ಹಿರಿಯರ ದವಾಖಾನೆ ದೂರವಾಗುವುದು ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಮೇಲೆ ಕಟ್ಟಿ ಕೆಟ್ಟವರೂ ಇದ್ದಾರೆ. ಬಹುಪಾಲು ಕೆಟ್ಟದ್ದು ನೋಡದೆ ಕಟ್ಟಿದ್ದರಿಂದ. "ಕಾಲಂ ಬಿಟ್ಟೀವಲ್ರಿ, ಇನ್ನೆರಡು ಮಾಳಗಿ ತಡೀತೈತಿ" ಎಂಬ ಗೌಂಡಿಯ ಮಾತನ್ನು ನಂಬಿ ಶುರು ಮಾಡಬೇಡಿ. ತಾರಸಿಯ ಮೇಲೆ ಕಂಬದ ಕಬ್ಬಿಣದ ಸಳಿ ಎದ್ದು ನಿಂತ ಮಾತ್ರಕ್ಕೆ ನೆಲದೊಳಗಿನ ಫುಟಿಂಗ್, ಅಂದರೆ ಕಂಬ ನಿಂತ ಕಾಂಕ್ರೀಟಿನ ತಳ, ಎಷ್ಟು ಅಗಲ ಎಂದು ಗೊತ್ತಾಗುವುದಿಲ್ಲ. ಹೊರಮೂಲೆಯ ಒಂದು ಕಂಬ, ನಡುವಿನ ಒಂದು ಕಂಬ ಆರಿಸಿ, ಪಕ್ಕದಲ್ಲಿ 3×3 ಅಡಿಯ ಗುಂಡಿ ತೋಡಿಸಿ. ಒಂದನ್ನು ನೋಡಿ ಮುಚ್ಚಿ ಬಡಿದ ಮೇಲೆಯೇ ಇನ್ನೊಂದು. ಫುಟಿಂಗಿನ ತಳ ಕಂಡೊಡನೆ ಹಾರೆ ನಿಲ್ಲಬೇಕು, ಅದರ ಕೆಳಗಿನ ಮಣ್ಣು ಒಂದು ಬೊಗಸೆಯೂ ಬರಬಾರದು. ಫುಟಿಂಗಿನ ಅಗಲ, ದಪ್ಪ, ಆಳ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ತಳ ಕುಳಿತದ್ದು ಎರೆಯ (ಕಪ್ಪು ಜಿಗುಟು ಮಣ್ಣಿನ) ಮೇಲೋ ಅದರಡಿಯ ಗಟ್ಟಿ ಗರಸಿನ ಮೇಲೋ. ಹುಬ್ಬಳ್ಳಿಯ ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳುತ್ತದೆ. ಗರಸು ಮುಟ್ಟದ ಪಾಯದ ಮನೆ ಈಗಿನ ಭಾರಕ್ಕೇ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿದಿರುತ್ತದೆ. ಅಂಥ ಬಿರುಕಿದ್ದರೆ, ಅಥವಾ ಗೋಡೆ ಮಣ್ಣಿನಲ್ಲಿ ಕಟ್ಟಿದ ಕಲ್ಲಿನದಾದರೆ, ನನ್ನ ವಾದ ನಿಮ್ಮ ಮನೆಗೆ ಹೊಂದುವುದಿಲ್ಲ.

ಭಾರ ಎಷ್ಟು ಬೀಳುತ್ತದೆ? ಸುತ್ತ 12×12 ಅಡಿಯ ಭಾರ ಹೊರುವ ನಡುವಿನ ಕಂಬಕ್ಕೆ ಸ್ಲ್ಯಾಬ್, ಗೋಡೆ, ನೆಲಹಾಸು, ಮಂದಿ-ಸಾಮಾನು ಸೇರಿ ಒಂದು ಅಂತಸ್ತಿಗೆ 14-15 ಟನ್ ಹಿಡಿಯಬೇಕು. ಇದನ್ನು ಇಳಿಸುವ ದಾರಿಗಳಿವೆ. 9 ಇಂಚಿನ ಇಟ್ಟಂಗಿ ಗೋಡೆ 10 ಅಡಿ ಎತ್ತರಕ್ಕೆ, ಪ್ರತಿ ಅಡಿ ಉದ್ದಕ್ಕೆ 400 ಕೆಜಿ ತೂಗುತ್ತದೆ. 6 ಇಂಚಿನ ಎಎಸಿ ಬ್ಲಾಕಿನದು (ಒಳಗೆ ಗಾಳಿಗುಳ್ಳೆಯಿರುವ ಹಗುರ ಕಾಂಕ್ರೀಟ್ ಬ್ಲಾಕು) ಗಿಲಾವು ಬಿಟ್ಟು 90 ಕೆಜಿ. ತಾರಸಿಯ ಮೇಲೆ ಇಟ್ಟಂಗಿ ಚೂರು ಹಾಕಿ ಮಾಡಿದ 4 ಇಂಚಿನ ನೀರುತಡೆ ಪದರ 700 ಚದರಡಿಗೆ 12 ಟನ್ನಿನಷ್ಟಿರುತ್ತದೆ. ಮೇಲೆ ಮನೆ ಬಂದ ಮೇಲೆ ಅದರಿಂದ ಉಪಯೋಗವಿಲ್ಲ, ಉಳಿ-ಸುತ್ತಿಗೆಯಲ್ಲಿ ಕಿತ್ತು ಕೆಳಗಿಳಿಸಿ. ಬ್ರೇಕರ್ ಮಷೀನು ಹಚ್ಚಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಹಳೆ ಸ್ಲ್ಯಾಬ್ ಅದುರಿ ಕೆಳಗಿನ ಕೋಣೆಯ ಗಿಲಾವು ಹಾಳೆ ಹಾಳೆಯಾಗಿ ಉದುರುತ್ತದೆ.

ಬಿಸಿಲು-ಮಳೆಗೆ ನಿಂತ ಸಳಿಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬುಡದಲ್ಲಿ ವರ್ನಿಯರ್ ಹಿಡಿದು ಅಳೆಯಿರಿ. ತುದಿ ಚೆನ್ನಾಗಿದ್ದು ಬುಡವೇ ತಿಂದುಹೋಗಿರುವುದು ಸಾಮಾನ್ಯ, ಯಾಕೆಂದರೆ ನೀರು ನಿಲ್ಲುವುದು ಅಲ್ಲೇ. 16 ಎಂಎಂ ಸಳಿಗೆ ಜೋಡಿ, ಅಂದರೆ ಹಳೆ ಸಳಿಯ ಪಕ್ಕಕ್ಕೆ ಹೊಸದು ಕೂಡಿಕೊಂಡು ಹೋಗುವ ಉದ್ದ, ಕನಿಷ್ಠ ಅದರ ದಪ್ಪದ 50 ಪಟ್ಟು, ಅಂದರೆ 800 ಎಂಎಂ ಇರಬೇಕು. ಸಳಿ ಗಿಡ್ಡವಾಗಿದ್ದರೆ ಕಂಬದ ತಲೆಗೆ ರಂಧ್ರ ಕೊರೆದು ಎಪಾಕ್ಸಿ ಎಂಬ ಅಂಟುಮದ್ದಿನಲ್ಲಿ ಹೊಸ ಸಳಿ ಕೂರಿಸಬಹುದು. ಈ ಕೆಲಸ ಕೆಡುವುದು ಮದ್ದಿನಿಂದಲ್ಲ, ಧೂಳಿನಿಂದ. ರಂಧ್ರವನ್ನು ಬ್ರಷ್ ಮಾಡಿ ಊದಿ, ಮತ್ತೆ ಬ್ರಷ್ ಮಾಡಿ ಊದದಿದ್ದರೆ ಎಪಾಕ್ಸಿ ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ.

ಬಹಳ ಮಂದಿ ಮರೆಯುವ ಸಂಗತಿ ಒಂದಿದೆ. 5 ಇಂಚಿನ ಹಸಿ ಸ್ಲ್ಯಾಬ್ ಚದರಡಿಗೆ ಸುಮಾರು 30 ಕೆಜಿ. ಹಳೆ ತಾರಸಿಯನ್ನು ಲೆಕ್ಕ ಹಾಕಿದ್ದು ಮಂದಿ ಅಡ್ಡಾಡುವ 15 ಕೆಜಿ ಆಜುಬಾಜಿನ ಭಾರಕ್ಕೆ. ಹಸಿ ಸ್ಲ್ಯಾಬ್ ಹೊರುವ ಹೊಸ ಸೆಂಟ್ರಿಂಗಿನ (ತಾತ್ಕಾಲಿಕ ಅಚ್ಚಿನ) ಕಾಲುಗಳು ನಿಲ್ಲುವುದು ಅದರ ಮೇಲೆಯೇ. ಆದ್ದರಿಂದ ಕೆಳಗಿನ ಪಡಸಾಲೆಯಲ್ಲಿ, ಕೋಣೆಗಳಲ್ಲಿ, ಮೇಲಿನ ಕಾಲುಗಳ ನೇರಕ್ಕೇ ಆಸರೆ ನಿಲ್ಲಿಸಬೇಕು. ಎರಡು ವಾರ ಟಿವಿ ಮುಂದೆ ಕಂಬ ಸುತ್ತಿಕೊಂಡು ಓಡಾಡುವುದು ಕಿರಿಕಿರಿಯೇ. ಬಿಟ್ಟರೆ ಹಳೆ ಸ್ಲ್ಯಾಬ್ ನಡುವೆ ಜಗ್ಗಿ ಕೂದಲೆಳೆಯ ಬಿರುಕು ಶಾಶ್ವತವಾಗಿ ಉಳಿಯುತ್ತದೆ.

ಮೇಲಿನ ಸಂಡಾಸ ಕೆಳಗಿನದರ ನೆತ್ತಿಯ ಮೇಲೇ ಬರಲಿ. ಹಳೆ ಸ್ಲ್ಯಾಬನ್ನು ತಗ್ಗಿಸಲಾಗದು, ಕಡಿಯಲೂಬಾರದು. ಹಾಗಾಗಿ ಬಚ್ಚಲ ನೆಲವನ್ನು 8-10 ಇಂಚು ಎತ್ತಿ ಅದರೊಳಗೆ ಪೈಪ್ ಓಡಿಸಬೇಕು, ಬಾಗಿಲಲ್ಲಿ ಒಂದು ಮೆಟ್ಟಿಲು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಕೈಹಾಕುವುದು ದೀಪಾವಳಿ ಮುಗಿದ ಮೇಲೆ, ಸ್ಲ್ಯಾಬ್ ಜನವರಿಯೊಳಗೆ ಬಿದ್ದರೆ ಮಳೆಯ ಕಾಟವಿಲ್ಲ, ಏಪ್ರಿಲ್ ಬಿಸಿಲಿಗೆ ನೀರು ಹೊಡೆಯುವ ಒದ್ದಾಟವೂ ಇಲ್ಲ.

ವಿರೋಧ: ಆ 16 ಲಕ್ಷ ಯಾರ ಹೆಸರಿಗೆ ಹೋಗುತ್ತದೆ?

ಮೇಲಿನ ಲೇಖನದ ಗುಂಡಿ, ಸಳಿ, ಸೆಂಟ್ರಿಂಗ್ ಎಲ್ಲ ಸರಿ. ಆದರೆ ಮನೆಗೆ ಪಾಯವಿರುವಂತೆ ರೊಕ್ಕಕ್ಕೂ ಒಂದು ಪಾಯವಿರುತ್ತದೆ. ಅದು ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಬರೆದ ಹೆಸರು.

ಈ ಊರುಗಳಲ್ಲಿ ಮೇಲೆ ಕಟ್ಟುವವನು ಸಾಮಾನ್ಯವಾಗಿ ಮಗ, ಸೈಟು ಅಪ್ಪನದು. "ತಮ್ಮಾ, ನೀನ ಕಟ್ಟಿಕೊ, ಮ್ಯಾಲಿಂದು ನಿಂದ" ಎಂದು ಅಪ್ಪ ಹೇಳಿದ್ದು ಮನೆಮಂದಿಗೆಲ್ಲ ಗೊತ್ತಿರುತ್ತದೆ, ಸಿಟಿ ಸರ್ವೆ ಕಚೇರಿಗೆ ಗೊತ್ತಿರುವುದಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಗೆ ಮೃತ್ಯುಪತ್ರವಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು, ಅಪ್ಪನ ತಾಯಿ ಬದುಕಿದ್ದರೆ ಅವರಿಗೂ. ಅವ್ವ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇರುವ ಮನೆಯಲ್ಲಿ ಪಾಲು ನಾಲ್ಕು. ಮೇಲಿನ ಮಹಡಿಗೆ 16 ಲಕ್ಷ ಹಾಕಿದವನಿಗೆ ಕಾಗದದ ಮೇಲೆ ಬರುವುದು ಕಾಲುಪಾಲು; ಉಳಿದದ್ದು ಒಡಹುಟ್ಟಿದವರ ದೊಡ್ಡ ಮನಸ್ಸಿಗೆ ಬಿಟ್ಟದ್ದು. ವಾಟ್ನಿಗೆ (ಆಸ್ತಿ ಪಾಲು ಮಾಡಲು) ಕೂತ ದಿನ ಸಿಮೆಂಟಿನ ರಸೀದಿ ತೆಗೆದು ತೋರಿಸಿದರೆ ಅಕ್ಕ-ತಮ್ಮಂದಿರ ಮುಖ ಕೆಡುವುದಷ್ಟೇ ಲಾಭ.

ದಾನಪತ್ರ ಮಾಡಿಸಿಕೊಳ್ಳಬಹುದಲ್ಲ ಎನ್ನುತ್ತಾರೆ. ಮಾಡಿಸಬಹುದು, ಮನೆಮಂದಿಯೊಳಗಿನ ದಾನಕ್ಕೆ ಮುದ್ರಾಂಕ ಬೆಲೆಯ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಮೊತ್ತ ಮಾತ್ರ. ಆದರೆ ಇಡೀ ಮನೆ ಒಬ್ಬ ಮಗನ ಹೆಸರಿಗೆ ಹೋದ ಮೇಲೆ ಹಿರಿಯರು ತಮ್ಮದೇ ಮನೆಯಲ್ಲಿ ಅತಿಥಿಗಳಾಗುತ್ತಾರೆ. ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಡಿ ಅದನ್ನು ರದ್ದು ಮಾಡಿಸಲು ದಾರಿಯಿದೆ. ಬರೆಯುವಾಗ "ಪ್ರೀತಿಯಿಂದ" ಎಂಬ ಒಂದೇ ಶಬ್ದ ಹಾಕಿ ಮುಗಿಸುವವರೇ ಹೆಚ್ಚು. ಮೃತ್ಯುಪತ್ರವನ್ನು ಬರೆದವರು ಬದುಕಿರುವತನಕ ಎಷ್ಟು ಸಲವಾದರೂ ಬದಲಿಸಬಹುದು, ಅದರ ಮೇಲೆ 15 ವರ್ಷದ ಸಾಲ ಕಟ್ಟುವುದು ಧೈರ್ಯದ ಕೆಲಸ.

ಸಾಲವೂ ಅಷ್ಟು ಸಲೀಸಲ್ಲ. ಸೈಟು ಅಪ್ಪನದಾದರೆ ಬ್ಯಾಂಕು ಅವರನ್ನೂ ಸಾಲಗಾರರಾಗಿ ಸೇರಿಸಿಕೊಂಡು ಮನೆ ಅಡವಿಡಲು ಕೇಳುತ್ತದೆ. ಮಂಜೂರಾದ ನಕ್ಷೆ, ಅಂದಾಜು ಪಟ್ಟಿ ಬೇಕು. ದುಡ್ಡು ಬರುವುದು ಕೆಲಸ ಎದ್ದಷ್ಟು ಹಂತ ಹಂತವಾಗಿ. ಕೆಳಗಿನ ಮನೆಯನ್ನೇ ನಕ್ಷೆ ಮೀರಿ ಕಟ್ಟಿದ್ದರೆ, ಹಳೆ ಓಣಿಗಳಲ್ಲಿ ಪಕ್ಕದ ಜಾಗ ಬಿಡದೆ ಕಟ್ಟಿದವರಿಗೆ ಕೊರತೆಯಿಲ್ಲ, ಮೇಲಿನದಕ್ಕೆ ಪರವಾನಗಿ ಕೇಳಿದಾಗ ಆ ಹಳೆ ತಪ್ಪು ಮೊದಲು ಹೊರಬರುತ್ತದೆ. ಪರವಾನಗಿ ಇಲ್ಲದೆ ಎತ್ತಿದ ಮಹಡಿಗೆ ಮುಂದೆ ಕೊಳ್ಳುವವನ ಬ್ಯಾಂಕು ಬೆಲೆ ಕಟ್ಟುವುದಿಲ್ಲ.

ನೀರಿನ ಲೆಕ್ಕ ಯಾರೂ ಹಾಕುವುದೇ ಇಲ್ಲ. ನಳ ಎಂಟು ದಿನಕ್ಕೊಮ್ಮೆ ಬರುವ ಓಣಿ ಎಂದಿಟ್ಟುಕೊಳ್ಳಿ. ಆರು ಮಂದಿ ದಿನಕ್ಕೆ ತಲೆಗೆ 100 ಲೀಟರ್ ಬಳಸಿದರೆ ಎಂಟು ದಿನಕ್ಕೆ 4,800 ಲೀಟರ್. 6×5×6 ಅಡಿಯ ಹಳೆ ಸಂಪು ಹಿಡಿಯುವುದು 5,100. ಅಲ್ಲಿಗೆ ಸರಿಹೋಯಿತು. ಮೇಲೆ ಇನ್ನೊಂದು ಬಚ್ಚಲು, ಇನ್ನೊಂದು ವಾಷಿಂಗ್ ಮಷೀನು ಬಂದರೆ, ಇಲ್ಲವೇ ಮೇಲಿನದನ್ನು ಬಾಡಿಗೆಗೆ ಕೊಟ್ಟು ಹತ್ತು ಮಂದಿಯಾದರೆ, ಬೇಕಾದ್ದು 8,000 ಲೀಟರ್. ಸಂಪು ದೊಡ್ಡದು ಮಾಡಲು ಅಂಗಳದಲ್ಲಿ ಜಾಗವಿಲ್ಲ, ಇದ್ದರೂ ಕಂಬದ ಪಾಯದ ಬಗಲಲ್ಲಿ ಅಗೆಯುವಂತಿಲ್ಲ. ಆಮೇಲೆ ಟ್ಯಾಂಕರಿನವನ ನಂಬರು ಗೋಡೆಗೆ ಬರೆದಿಡಬೇಕು.

ಪಾವಟಿಗೆ ಇನ್ನೊಂದು. 10 ಅಡಿ ಏರಲು 7 ಇಂಚಿನ ಮೆಟ್ಟಿಲು ಹದಿನೇಳು ಬೇಕು. ಈಗ ಮೂವತ್ತೈದರ ಸೊಸೆಗೆ ಅದು ಲೆಕ್ಕಕ್ಕಿಲ್ಲ. ವಯಸ್ಸು ಏರಿದ ಮೇಲೂ ಕೆಳಗಿನ ಅಡುಗೆಮನೆಯಿಂದ ಮೇಲಿನ ಕೋಣೆಗೆ ದಿನಕ್ಕೆ ಹತ್ತು ಸಲ ಏರಿಳಿಯುವವಳು ಅವಳೇ.

ಹಾಗಾದರೆ ಏನು ಮಾಡುವುದು? ನನ್ನ ಮಟ್ಟಿಗೆ, ಹಿರಿಯರು ಗಟ್ಟಿಯಾಗಿರುವಾಗಲೇ ಕೂತು ಮಾತಾಡಿ ಹಳೆ ಮನೆ ಮಾರುವುದು, ಊರ ಅಂಚಿನಲ್ಲಿ ಸ್ಪಷ್ಟ ಹೆಸರಿನ ಪ್ಲಾಟಿನಲ್ಲಿ ಕಟ್ಟುವುದು. ಮಾರಿದ ಲಾಭದ ಮೇಲಿನ ತೆರಿಗೆಗೂ ಇದರಲ್ಲಿ ದಾರಿಯಿದೆ: ಮಾರಿದ ಎರಡು ವರ್ಷದೊಳಗೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿ ಮುಗಿಸಿದರೆ ಹೊಸ ಮನೆಗೆ ಹಾಕಿದಷ್ಟು ಲಾಭಕ್ಕೆ ವಿನಾಯಿತಿ. ರಿಟರ್ನ್ ತುಂಬುವ ಗಡುವಿನೊಳಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿಡಬೇಕು, ಉಳಿತಾಯ ಖಾತೆಯಲ್ಲಿಟ್ಟರೆ ನಡೆಯದು. ವಿನಾಯಿತಿ ಸಿಗುವುದು ಮಾರಿದವರ ಹೆಸರಿಗೆ. ಹೊಸ ಮನೆಯ ಪತ್ರದಲ್ಲಿ ಅಪ್ಪನ ಹೆಸರು ಬಿಟ್ಟುಹೋದರೆ ತೆರಿಗೆ ತಲೆಗೆ ಬರುತ್ತದೆ. ಮಗನೂ ಸಾಲ ಹಾಕುವುದಾದರೆ ಯಾರ ಪಾಲು ಎಷ್ಟು ಎಂಬುದನ್ನು ಖರೀದಿ ಪತ್ರದಲ್ಲೇ ಬರೆಸಬೇಕು. ಮೇಲೆ ಹೇಳಿದ ವಾಟ್ನಿಯ ತಕರಾರು ಅಲ್ಲಿಯೇ ಅರ್ಧ ಮುಗಿಯುತ್ತದೆ.

ಅಗ್ಗದ ಪ್ಲಾಟಿನಲ್ಲಿ ಮೋಸವೂ ಅಗ್ಗವಾಗಿಯೇ ಸಿಗುತ್ತದೆ. ಹೊಲದ ಪಹಣಿಯಲ್ಲಿ ಹತ್ತು ಮಂದಿಯ ಹೆಸರು ಜಂಟಿಯಾಗಿ ಹಾಕಿ ಮಾರುವ ಒಂದೂವರೆ ಗುಂಟೆಯ ತುಂಡನ್ನು ಮುಟ್ಟಬೇಡಿ. ಎನ್‌ಎ (ಹೊಲವನ್ನು ಕೃಷಿಯೇತರ ಮಾಡಿದ) ಆದೇಶ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟ್ ನಕ್ಷೆ, ಪ್ಲಾಟಿನ ಕೆಜೆಪಿ (ಕಮ್ಮಿ-ಜಾಸ್ತಿ ಪತ್ರಿಕೆ), ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಇ-ಖಾತೆ, ಇವಿಷ್ಟನ್ನು ಮುಂಗಡ ಕೊಡುವ ಮೊದಲೇ ಕೇಳಿ ವಕೀಲರ ಕೈಗಿಡಿ. ನಕ್ಷೆಯಲ್ಲಿ ಉದ್ಯಾನ ಎಂದು ಬಿಟ್ಟ ಜಾಗವನ್ನೇ ಪ್ಲಾಟ್ ಮಾಡಿ ಮಾರುವುದುಂಟು. ಅದಕ್ಕೇ ನಕ್ಷೆ ಹಿಡಿದು ಮೂಲೆಯ ಕಲ್ಲಿನಿಂದ ಟೇಪಿನಲ್ಲಿ ಅಳೆದು ನಿಮ್ಮ ನಂಬರಿನ ಪ್ಲಾಟ್ ಅದೇ ಹೌದೋ ನೋಡಿಕೊಳ್ಳಬೇಕು.

ಓಡಾಟದ ಖರ್ಚು ನಿಜ. ದಿನಕ್ಕೆ 24 ಕಿಮೀ ಗಾಡಿ ಓಡಿಸಿದರೆ ತಿಂಗಳ 25 ದಿನಕ್ಕೆ 13 ಲೀಟರ್ ಪೆಟ್ರೋಲ್. ಅದಕ್ಕೇ ನವನಗರ, ರಾಯಾಪುರ, ಸತ್ತೂರು ಕಡೆ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಮುಟ್ಟುವ ಜಾಗ ಹುಡುಕಬೇಕು. ಧಾರವಾಡದ ಕಡೆ ಸರಿದಂತೆ ಹಲವೆಡೆ ಕೆಂಪು ನೆಲ ಸಿಗುತ್ತದೆ, ಪಾಯದ ಖರ್ಚು ಇಳಿಯುತ್ತದೆ. ಗದಗ ರೋಡಿನ ಕಡೆ ಎರೆಯಲ್ಲಿ ಕೊಂಡರೆ ಗರಸು ಸಿಗುವತನಕ ಅಗೆಯುವ, ಅಗೆದ ಎರೆ ಹೊರಗೆ ಹಾಕಿ ಗರಸು ತುಂಬುವ ಖರ್ಚನ್ನು ಪ್ಲಾಟಿನ ಬೆಲೆಗೇ ಸೇರಿಸಿ ಚೌಕಾಸಿ ಮಾಡಿ. ಪ್ಲಾಟ್ ನೋಡಲು ಎರಡು ಸಲ ಹೋಗಿ. ಏಪ್ರಿಲಿನಲ್ಲಿ ನೆಲದ ಬಿರುಕಿಗೆ ಅಂಗೈ ಇಳಿಯುತ್ತದೆಯೇ ನೋಡಲು ಒಮ್ಮೆ. ಆಗಸ್ಟಿನಲ್ಲಿ, ಜೋರು ಮಳೆಯ ಮರುದಿನ, ಗಾಡಿ ರಸ್ತೆಯ ಮೇಲೇ ನಿಲ್ಲಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಇನ್ನೊಮ್ಮೆ.